ತಟ್ಟೆಯಲ್ಲಿ ಇರುವುದನ್ನು ಕುರಿತು

ಮಾಂಸಾಹಾರ ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಆ ವಾದವನ್ನು ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ವರ್ಷಕ್ಕೊಮ್ಮೆ ಕೇಳಿ, ಎರಡು ಪಕ್ಷಕ್ಕೂ ಒಂದೊಂದು ಬಹುಮಾನ ಹಂಚಿ, ಕಾಫಿ ಕುಡಿದು ಮನೆಗೆ ಬರುವುದು ನನಗೆ ರೂಢಿಯಾಗಿಹೋಗಿದೆ. ಅದರಿಂದ ಇದುವರೆಗೆ ಯಾರ ಊಟವೂ ಬದಲಾದದ್ದನ್ನು ನಾನು ಕಂಡಿಲ್ಲ. ನಾನು ಹೇಳಹೊರಟಿರುವುದು ಅದಕ್ಕಿಂತ ಸಣ್ಣ ವಿಷಯ. ಸಣ್ಣದಾದರೂ ಕೆಲವು ತಿಂಗಳಿಂದ ನನ್ನನ್ನು ಬಿಡದೆ ಹಿಂಬಾಲಿಸುತ್ತಿರುವ ವಿಷಯ. ಒಂದು ಸಂಗತಿ ನಮಗೆ ಗೊತ್ತಿಲ್ಲದಿದ್ದರೆ ಅದರ ಪಾಪ ನಮಗೆ ತಟ್ಟುವುದಿಲ್ಲ ಎನ್ನುತ್ತೇವೆ. ಒಪ್ಪೋಣ. ಆದರೆ ಗೊತ್ತುಮಾಡಿಕೊಳ್ಳಬಾರದೆಂದು ನಾವೇ ನಿಶ್ಚಯಿಸಿಕೊಂಡಿದ್ದರೆ?

2025ರ ಬೇಸಗೆಯ ರಜೆಯಲ್ಲಿ ನಾನು ಅಮೆರಿಕದಲ್ಲಿರುವ ನನ್ನ ತಮ್ಮನ ಮನೆಗೆ ಹೋಗಿದ್ದೆ. ಷಿಕಾಗೋ ನಗರದಿಂದ ಪಶ್ಚಿಮಕ್ಕೆ ಸುಮಾರು 45 ಕಿಲೋಮೀಟರ್ ದೂರದ ನೇಪರ್‌ವಿಲ್ ಎಂಬಲ್ಲಿ ಅವನ ಮನೆ. ನಮ್ಮ ಬಡಾವಣೆಗಳ ಹಾಗೆ ಅದು ಊರಿಗೆ ಅಂಟಿಕೊಂಡು ಬೆಳೆದ ಬಾಲವಲ್ಲ. ತಾನೇ ಒಂದು ಊರು. ಹುಲ್ಲು, ಮನೆ, ಮತ್ತೆ ಹುಲ್ಲು, ಮತ್ತೆ ಮನೆ. ಅಷ್ಟು ಹುಲ್ಲಿರುವ ಕಡೆ ಮೇಯುವ ಒಂದು ಪ್ರಾಣಿಯೂ ಇಲ್ಲವಲ್ಲ ಎಂದು ಹಳ್ಳಿಯಲ್ಲಿ ಹುಟ್ಟಿದ ನನಗೆ ಮೊದಲನೆಯ ದಿನವೇ ಅನ್ನಿಸಿತು. ಆ ಹುಲ್ಲನ್ನು ಬೆಳೆಸುವುದಕ್ಕೆ ಒಂದು ಯಂತ್ರ, ಕತ್ತರಿಸುವುದಕ್ಕೆ ಇನ್ನೊಂದು.

ತಮ್ಮನಿಗೆ ಕೆಲಸದಲ್ಲಿ ಬಡ್ತಿಯಾಗಿತ್ತು. ಹೆದ್ದಾರಿಯ ಬದಿಯಲ್ಲಿ ಹೊಸದಾಗಿ ತೆರೆದಿದ್ದ ಒಂದು ಸ್ಟೇಕ್ ಹೌಸಿಗೆ ಹೋಗಿ ಊಟಮಾಡುವುದೆಂದು ಅವನೂ ಅವನ ಹೆಂಡತಿಯೂ ನಿಶ್ಚಯಿಸಿದ್ದರು. ಸ್ಟೇಕ್ ಎಂದರೆ ದನದ ಮಾಂಸದ ದಪ್ಪ ಹೋಳು. ಕೆಂಡದ ಮೇಲೋ ಕಾದ ಕಬ್ಬಿಣದ ಮೇಲೋ ಸುಟ್ಟು ಬಡಿಸುವ ಪದಾರ್ಥ. "ಅಣ್ಣ, ನೀನೂ ಬಾ. ನಿನಗೆ ತಿನ್ನುವುದಕ್ಕೂ ಏನಾದರೂ ಇರುತ್ತದೆ," ಎಂದ. ನಾನು ಹುಟ್ಟಿನಿಂದ ಸಸ್ಯಾಹಾರಿ. ಅವನೂ ಹುಟ್ಟಿನಿಂದ ಸಸ್ಯಾಹಾರಿಯೇ, ಇಪ್ಪತ್ತೈದನೆಯ ವಯಸ್ಸಿನವರೆಗೆ. ಅವನು ತಿನ್ನುತ್ತಾನೆಂಬುದು ನನಗೆ ತಿಳಿದ ವಿಷಯವೇ ಆಗಿತ್ತು. ಅಮ್ಮನಿಗೆ ಮಾತ್ರ ನಾವಿಬ್ಬರೂ ಹೇಳಿರಲಿಲ್ಲ. ಬರುವುದಿಲ್ಲ ಎಂದರೆ ಅವನ ಸಂತೋಷಕ್ಕೆ ತಣ್ಣೀರೆರಚಿದಂತೆ. ಬರುತ್ತೇನೆ ಎಂದರೆ ನಮ್ಮ ಅಜ್ಜಿ ಸ್ವರ್ಗದಲ್ಲಿಯೇ ತಲೆಗೆ ಸ್ನಾನಮಾಡಬೇಕಾದೀತು. ಕೊನೆಗೆ ಹೋದೆ. ಸಹೋದರ ವಾತ್ಸಲ್ಯದಿಂದ ಹೋದೆನೆಂದು ಆಗ ನನಗೆ ನಾನೇ ಹೇಳಿಕೊಂಡೆ. ಅರ್ಧ ಕುತೂಹಲ, ಅರ್ಧ ಅಹಂಕಾರ ಎಂದು ಈಗ ತೋರುತ್ತದೆ. ಇಂಥ ಕಡೆಯೂ ಕುಳಿತು ಕೈ ಕೊಳೆಮಾಡಿಕೊಳ್ಳದೆ ಎದ್ದುಬಂದೆನೆಂದು ಊರಿಗೆ ಹಿಂತಿರುಗಿದ ಮೇಲೆ ಹೇಳಿಕೊಳ್ಳಬಹುದಲ್ಲ!

ಒಳಗೆ ಬೆಳಕು ಎಷ್ಟು ಕಡಮೆಯಿತ್ತೆಂದರೆ ನನ್ನ ಕನ್ನಡಕಕ್ಕೆ ಅಪಮಾನವಾಯಿತು. ಕಪ್ಪು ಮರದ ಗೋಡೆ, ಚರ್ಮದ ಆಸನ, ಮೇಜಿಗೊಂದು ಪುಟ್ಟ ದೀಪ. ನಮ್ಮ ಕಡೆ ಹಣವಂತರ ಹೋಟಲೆಂದರೆ ಕಣ್ಣು ಕುಕ್ಕುವ ಬೆಳಕು. ಅಲ್ಲಿ ಹಣ ಹೆಚ್ಚಿದಷ್ಟೂ ಕತ್ತಲೆ. ಆ ಕತ್ತಲೆಯಲ್ಲಿ ಒಂದೇ ಒಂದು ವಸ್ತು ಮಾತ್ರ ಚೆನ್ನಾಗಿ ಬೆಳಗುತ್ತಿತ್ತು: ಬಾಗಿಲಿಗೆ ಎದುರಾಗಿ ನಿಲ್ಲಿಸಿದ್ದ ಆಳೆತ್ತರದ ಗಾಜಿನ ಬೀರು. ಅದರೊಳಗೆ ಮಾಂಸದ ದೊಡ್ಡ ದೊಡ್ಡ ತುಂಡುಗಳನ್ನು ಸಾಲಾಗಿ ಇಟ್ಟಿದ್ದರು. ಒಂದೊಂದಕ್ಕೂ ಒಂದು ಚೀಟಿ, ಚೀಟಿಯ ಮೇಲೆ ದಿನಾಂಕ. ನೀರು ಹೆಪ್ಪುಗಟ್ಟುವುದಕ್ಕಿಂತ ತುಸುವೇ ಹೆಚ್ಚಿನ ಶಾಖದಲ್ಲಿ ಮೂರು ನಾಲ್ಕು ವಾರ ಅದನ್ನು ಹಾಗೆಯೇ ಇಡುತ್ತಾರಂತೆ. ನೀರಿನ ಅಂಶ ಆರಿ ರುಚಿ ಗಟ್ಟಿಯಾಗುತ್ತದೆ. ಮಾಂಸದಲ್ಲಿಯೇ ಇರುವ ಕಿಣ್ವಗಳು ಅದರ ಎಳೆಗಳನ್ನು ಸಡಿಲಿಸುತ್ತವೆ. ಮೇಲಿನ ಒಣಗಿದ ಪದರವನ್ನು ಹೆರೆದು ತೆಗೆದು ಒಳಗಿನದನ್ನು ಸುಡುತ್ತಾರೆ. ನಮ್ಮಲ್ಲಿ ಹುಣಿಸೆಹಣ್ಣು ಹಳೆಯದಾದಷ್ಟೂ ಬೆಲೆ ಎಂಬ ಹಾಗೆ. ಹೋಲಿಕೆ ನಮ್ಮ ಮನೆಯವರಿಗೆ ಹಿಡಿಸಲಿಲ್ಲ. ಆದರೆ ನನಗೆ ಅರ್ಥವಾದದ್ದು ಹಾಗೆ.

ಬಡಿಸಲು ಬಂದವನು ಇಪ್ಪತ್ತು ಇಪ್ಪತ್ತೊಂದರ ಹುಡುಗ. ಮುಖ ನೋಡಿದರೆ ನಮ್ಮ ಕಾಲೇಜಿನ ಕೊನೆಯ ಬೆಂಚಿನವನು. ಅವನು ಒಂದು ಹಲಗೆಯ ಮೇಲೆ ಹಸಿಯ ಹೋಳುಗಳನ್ನು ಜೋಡಿಸಿಕೊಂಡು ತಂದು ಒಂದೊಂದನ್ನೂ ಪರಿಚಯಮಾಡಿಕೊಟ್ಟ. ಇದು ಪಕ್ಕೆಲುಬಿನ ಭಾಗದ್ದು, ಇದು ಬೆನ್ನಿನ ಒಳಗಿನದು, ಇದು ಹೆಚ್ಚು ದುಡಿಯದ ಸ್ನಾಯು, ಆದ್ದರಿಂದ ಮೆದು. ಇದು ಇಂಥ ಸಂಸ್ಥಾನದ ಸಾಕಣೆಯದು. ಕೊನೆಯ ಕೆಲವು ತಿಂಗಳು ಜೋಳ ತಿನ್ನಿಸಿದ್ದು. ಒಳಗೆ ಹೀಗೆ ಬಿಳಿಯ ಕೊಬ್ಬಿನ ಗೆರೆಗಳು ಹರಡಿದ್ದರೆ ಸರಕಾರದವರು ಅದಕ್ಕೆ ಮೊದಲ ದರ್ಜೆಯ ಮುದ್ರೆ ಒತ್ತುತ್ತಾರೆ. ಅವನ ವಿವರಣೆ ಕೇಳುತ್ತ ನಾನು ಬೆರಗಾದೆ. ಇಷ್ಟು ನಿಷ್ಠೆಯಿಂದ ನಾನು ಯಾವ ಚಂಪೂಕಾವ್ಯವನ್ನೂ ಪಾಠ ಹೇಳಿದ್ದು ನೆನಪಿಲ್ಲ. ತಮ್ಮ ಪಕ್ಕೆಲುಬಿನ ಹೋಳೊಂದನ್ನು ಆರಿಸಿದ. ಅದೊಂದಕ್ಕೇ 70 ಡಾಲರ್. ನಮ್ಮ ಲೆಕ್ಕದಲ್ಲಿ ಆರು ಸಾವಿರ ರೂಪಾಯಿಯ ಸುಮಾರು. ನಾನು ಒಂದು ಸುಟ್ಟ ಆಲೂಗೆಡ್ಡೆಯನ್ನೂ ಅಣಬೆಯನ್ನೂ ಹೇಳಿದೆ. ಹುಡುಗ ವಿನಯದಿಂದ, "ಮೈಗೆ ಒಗ್ಗುವುದಿಲ್ಲವೋ, ಅಥವಾ ನೀವೇ ಆರಿಸಿಕೊಂಡದ್ದೋ?" ಎಂದು ಕೇಳಿದ. ಅಡಿಗೆಮನೆಯವರಿಗೆ ತಿಳಿಸಬೇಕಾಗಿತ್ತಂತೆ. ನಾನು ತಬ್ಬಿಬ್ಬಾದೆ. ಎರಡೂ ಅಲ್ಲವಲ್ಲ! ನಾನು ಆರಿಸಿಕೊಂಡದ್ದು ಯಾವಾಗ? ನನಗಾಗಿ ನನ್ನ ಹಿರಿಯರು ಆರಿಸಿದರು, ಅವರಿಗಾಗಿ ಅವರ ಹಿರಿಯರು. "ಅಭ್ಯಾಸ," ಎಂದೆ. ಅವನು ಅದನ್ನೇ ಬರೆದುಕೊಂಡನೋ ಏನೋ.

ಭಾಷೆಯನ್ನು ಬೋಧಿಸಿ ಬದುಕುವವನಿಗೆ ಎಲ್ಲಿ ಕುಳಿತರೂ ಶಬ್ದದ ಚಿಂತೆ. ಇಂಗ್ಲಿಷಿನಲ್ಲಿ ಪ್ರಾಣಿಗೆ ಹೊಲದಲ್ಲಿರುವಾಗ ಒಂದು ಹೆಸರು, ಮೇಜಿಗೆ ಬಂದಾಗ ಇನ್ನೊಂದು. ಮೇಯುವಾಗ ಕೌ, ತಟ್ಟೆಯಲ್ಲಿ ಬೀಫ್. ಕೊಟ್ಟಿಗೆಯಲ್ಲಿ ಪಿಗ್, ಬಾಣಲೆಯಲ್ಲಿ ಪೋರ್ಕ್. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಮಾತು ಫ್ರೆಂಚ್. ಸಾಕುವವನ ಮಾತು ಕೊಟ್ಟಿಗೆಯಲ್ಲಿ ಉಳಿಯಿತು, ತಿನ್ನುವವನ ಮಾತು ಮೇಜಿಗೆ ಬಂತು. ವಾಲ್ಟರ್ ಸ್ಕಾಟ್ 1819ರಲ್ಲಿ ಹೊರಬಂದ ಐವನ್‌ಹೋ ಕಾದಂಬರಿಯಲ್ಲಿ ಒಬ್ಬ ವಿದೂಷಕನ ಬಾಯಿಂದ ಇದನ್ನು ಹೇಳಿಸಿದ್ದಾನೆ. ಕನ್ನಡದಲ್ಲಿ ಈ ಮರೆಯಿಲ್ಲ. ಅಂಗಳದಲ್ಲಿ ಕೂಗಿದರೂ ಕೋಳಿ, ಸಾರಿಗೆ ಬಿದ್ದರೂ ಕೋಳಿ. ಎಷ್ಟು ಪ್ರಾಮಾಣಿಕವಾದ ಭಾಷೆ ನಮ್ಮದು ಎಂದು ತಮ್ಮನಿಗೆ ಹೇಳಿದೆ. ಸ್ವಲ್ಪ ಹೆಚ್ಚಿನ ಹೆಮ್ಮೆಯಿಂದಲೇ ಹೇಳಿದೆನೆಂದು ಕಾಣುತ್ತದೆ.

ಅವನು ಚಾಕುವನ್ನು ಕೆಳಗಿಟ್ಟು, "ಅಣ್ಣ, ಗೌರಿಯನ್ನು ಕೊಟ್ಟದ್ದು ನೆನಪಿದೆಯೆ?" ಎಂದು ಕೇಳಿದ.

ಗೌರಿ ನಮ್ಮ ಮನೆಯ ಹಸು. ಅರಸೀಕೆರೆಯ ಕಡೆಯ ನಮ್ಮ ಹಳ್ಳಿಯಲ್ಲಿ ನಮಗೆ ಎರಡೆಕರೆ ಬೆದ್ದಲು, ನಾಲ್ಕು ತೆಂಗಿನ ಮರ, ಈ ಹಸು. ನನಗೆ ಬುದ್ಧಿ ತಿಳಿಯುವ ಕಾಲದಿಂದ ಅದರ ಹಾಲು ಕುಡಿದು ಬೆಳೆದವರು ನಾವು. 1997ರಲ್ಲಿ ಅದಕ್ಕೆ ಹದಿನಾಲ್ಕು ವರ್ಷ. ಹಾಲು ನಿಂತು ಎರಡು ವರ್ಷವಾಗಿತ್ತು. ಆ ವರ್ಷ ಮಳೆ ಹಿಡಿಯಲಿಲ್ಲ. ಹುಲ್ಲಿಗೆ ಅಪ್ಪ ಸಾಲಮಾಡಿದರು. ನಾನು ಪಿಯುಸಿ ಮುಗಿಸಿ ಹಾಸ್ಟೆಲಿಗೆ ಸೇರಬೇಕಾಗಿತ್ತು. ಒಂದು ಬೆಳಗಿನ ಜಾವ ಅಪ್ಪ ನನ್ನನ್ನು ಎಬ್ಬಿಸಿ, "ಹಗ್ಗ ಹಿಡಿ, ಸಂತೆಗೆ ಹೋಗಿ ಬರೋಣ," ಎಂದರು. ಅಮ್ಮ ಅದರ ಹಣೆಗೆ ಕುಂಕುಮವಿಟ್ಟು ಒಳಗೆ ಹೋದವಳು ಮತ್ತೆ ಬಾಗಿಲಿಗೆ ಬರಲಿಲ್ಲ. ಹತ್ತು ವರ್ಷದ ತಮ್ಮ ಜಗಲಿಯಲ್ಲಿ ನಿಂತು, "ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದ. "ಹುಲ್ಲು ಹೆಚ್ಚಿಗೆ ಇರುವವರ ಮನೆಗೆ," ಎಂದರು ಅಪ್ಪ.

ಸಂತೆಯಲ್ಲಿ ಒಬ್ಬ ದಲ್ಲಾಳಿ ಬಂದ. ಹಾಲೆಷ್ಟು, ಕರುವೆಷ್ಟು, ಗಬ್ಬವೇ ಎಂದು ಅವನು ಒಂದು ಮಾತೂ ಕೇಳಲಿಲ್ಲ. ಬಾಯಿ ತೆರೆದು ಹಲ್ಲನ್ನೂ ನೋಡಲಿಲ್ಲ. ಬೆನ್ನ ಮೇಲೆ, ತೊಡೆಯ ಮೇಲೆ ಒಮ್ಮೆ ಕೈಯಾಡಿಸಿ, ಟವಲಿನ ಮರೆಯಲ್ಲಿ ಅಪ್ಪನ ಬೆರಳು ಹಿಡಿದು ಬೆಲೆ ಕುದುರಿಸಿದ. ಹದಿನೇಳು ವರ್ಷದವನಿಗೆ, ಹಳ್ಳಿಯಲ್ಲಿ ಬೆಳೆದವನಿಗೆ, ಅಷ್ಟು ಸಾಲದೆ? ಹಾಲು ಕೊಡುವ ಹಸುವನ್ನು ಕೊಳ್ಳುವವನು ಕೆಚ್ಚಲು ನೋಡುತ್ತಾನೆ. 1,100 ರೂಪಾಯಿ ಬಂತು. ಅಪ್ಪ ಅದನ್ನು ಎಣಿಸದೆ ನನ್ನ ಜೇಬಿಗೆ ತುರುಕಿದರು. ಹಗ್ಗವನ್ನು ಮಾತ್ರ ಬಿಚ್ಚಿಕೊಂಡು ತಂದೆವು. ಹಸು ಕೊಟ್ಟರೂ ಹಗ್ಗ ಕೊಡಬಾರದೆಂದು ನಮ್ಮ ಮನೆಯ ಪದ್ಧತಿ. ದಾರಿಯುದ್ದಕ್ಕೂ ಇಬ್ಬರೂ ಮಾತನಾಡಲಿಲ್ಲ. ಅಂದಿನಿಂದ ಮನೆಯಲ್ಲಿ ಯಾರಾದರೂ ಆ ಪ್ರಸಂಗ ಎತ್ತಿದರೆ 'ಮಾರಿದೆವು' ಎಂದು ಹೇಳಿದವರಿಲ್ಲ. 'ಕೊಟ್ಟೆವು' ಎನ್ನುತ್ತೇವೆ, ಹೆಣ್ಣು ಕೊಟ್ಟೆವು ಎನ್ನುವ ಹಾಗೆ. ಇಂಗ್ಲಿಷರು ನಾಮಪದವನ್ನು ಬದಲಾಯಿಸಿದರು, ನಾವು ಕ್ರಿಯಾಪದವನ್ನು. ಪ್ರಾಮಾಣಿಕವಾದ ಭಾಷೆ ಎಂದೆನಲ್ಲ, ಅದಕ್ಕೆ ತಮ್ಮ ಕೊಟ್ಟ ಉತ್ತರ ಇದು.

ಅವನು ಕುಹಕದಿಂದ ಹೇಳಿದ್ದಲ್ಲ. "ಇಲ್ಲಿ ನಾನೇನು ತಿನ್ನುತ್ತಿದ್ದೇನೆಂದು ನನಗೆ ಗೊತ್ತು, ಅಣ್ಣ. ಅದಕ್ಕಿಂತ ಹೆಚ್ಚು ನಾನೇನೂ ಹೇಳುವುದಿಲ್ಲ," ಎಂದ. ಹೇಳಿ, ನನ್ನ ಆಲೂಗೆಡ್ಡೆ ಆರುತ್ತಿದೆಯೆಂದು ನೆನಪುಮಾಡಿದ. ಅದು ನಮ್ಮ ಎರಡು ತೆಂಗಿನಕಾಯಿಯಷ್ಟಿತ್ತು. ನಾನು ಅದರ ಮೇಲಿನ ಬೆಣ್ಣೆಯನ್ನು ನೋಡುತ್ತ ಕುಳಿತೆ.

ಆ ರಾತ್ರಿ ನಿದ್ದೆ ಬಾರದೆ ನಾನು ಮೊದಲು ಮಾಡಿದ್ದು, ಯಾವ ವಿದ್ಯಾವಂತನೂ ಮಾಡುವ ಹಾಗೆ, ನನ್ನ ಪರವಾಗಿ ವಕೀಲಿ. ಅಪ್ಪ ಬಡವರು. ಮನೆಯಲ್ಲಿ ಹುಲ್ಲಿರಲಿಲ್ಲ. ನಾವು ಮಾರಿದ್ದು ನಿಜ. ಆದರೆ ಕಡಿಯಲಿ ಎಂದು ಮಾರಲಿಲ್ಲ. ನಮ್ಮ ರಾಜ್ಯದಲ್ಲಿ ಹಸುವನ್ನು ಕಡಿಯುವುದನ್ನು 1964ರ ಕಾನೂನೇ ನಿಷೇಧಿಸಿತ್ತು; ಕಡಿಯುವುದಕ್ಕೆಂದು ಮಾರುವುದನ್ನೂ ಅದು ನಿಷೇಧಿಸಿತ್ತು. 2020ರ ಕಾನೂನು ಎತ್ತು ಹೋರಿಗಳನ್ನೂ ಅದೇ ಸಾಲಿಗೆ ಸೇರಿಸಿತು. ಆ 'ಕಡಿಯುವುದಕ್ಕೆಂದು' ಎಂಬ ಮಾತನ್ನು ಗಮನಿಸಿ. ಎಲ್ಲವೂ ನಿಂತಿರುವುದು ಮನಸ್ಸಿನಲ್ಲಿ ಏನಿತ್ತು ಎಂಬುದರ ಮೇಲೆ. ನಮ್ಮ ಮನಸ್ಸಿನಲ್ಲಿ ಏನೂ ಇರಲಿಲ್ಲ. ಏನೂ ಇರದ ಹಾಗೆ ನಾವು ಎಚ್ಚರಿಕೆಯಿಂದ ನೋಡಿಕೊಂಡಿದ್ದೆವು.

ಪ್ರತಿವರ್ಷ ನಾನು ಜನ್ನನ ಯಶೋಧರ ಚರಿತೆಯನ್ನು ಪಾಠ ಹೇಳುತ್ತೇನೆ. 1209ರ ಕಾವ್ಯ. ಯಶೋಧರ ರಾಜನಿಗೆ ಪ್ರಾಣಿವಧೆಗೆ ಮನಸ್ಸಿಲ್ಲ, ತಾಯಿಯ ಮಾತು ಮೀರುವುದಕ್ಕೂ ಮನಸ್ಸಿಲ್ಲ. ಕೊನೆಗೆ ಹಿಟ್ಟಿನಲ್ಲಿ ಮಾಡಿದ ಕೋಳಿಯೊಂದನ್ನು ದೇವಿಗೆ ಬಲಿಕೊಡುತ್ತಾನೆ. ಅಷ್ಟಕ್ಕೆ ತಾಯಿಯೂ ಮಗನೂ ಜನ್ಮಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ, ಕೊಲ್ಲಿಸಿಕೊಂಡು, ತಿನ್ನಿಸಿಕೊಂಡು ನರಳುತ್ತಾರೆ. ಕೊಂದದ್ದು ಹಿಟ್ಟನ್ನು, ಆದರೆ ಕೊಲ್ಲುವ ಸಂಕಲ್ಪ ಇತ್ತಲ್ಲ, ಅದೇ ಹಿಂಸೆ ಎಂದು ಜೈನ ಕವಿಯ ನಿಲುವು. "ಸಾರ್, ಇದು ಅತಿಯಾಯಿತು," ಎಂದು ಪ್ರತಿವರ್ಷ ಒಬ್ಬ ವಿದ್ಯಾರ್ಥಿಯಾದರೂ ಹೇಳುತ್ತಾನೆ. ನಾನು ಸಂಕಲ್ಪಹಿಂಸೆಯ ಮೇಲೆ ಅರ್ಧ ಗಂಟೆ ಮಾತನಾಡಿ ಅವನ ಬಾಯಿ ಮುಚ್ಚಿಸುತ್ತೇನೆ. ಆದರೆ ಆ ರಾತ್ರಿ ನನಗೆ ಹೊಳೆದದ್ದು ಈ ಪಾಠದಿಂದ ನಾನು ನನಗೆ ಬೇಕಾದದ್ದನ್ನು ಮಾತ್ರ ಕಲಿತಿದ್ದೇನೆ ಎಂಬುದು. ಸಂಕಲ್ಪವಿದ್ದರೆ ರಕ್ತವಿಲ್ಲದಿದ್ದರೂ ಪಾಪ ಎಂದು ಜನ್ನ ಹೇಳಿದ. ಸಂಕಲ್ಪವಿಲ್ಲದಿದ್ದರೆ ರಕ್ತವಿದ್ದರೂ ಪಾಪವಿಲ್ಲ ಎಂದು ಅವನು ಎಲ್ಲಿ ಹೇಳಿದ? ಅದನ್ನು ಸೇರಿಸಿಕೊಂಡವನು ನಾನು. ಅಲ್ಲದೆ, ನೋಡಬಾರದೆಂದು ಮುಖ ತಿರುಗಿಸುವುದೂ ಒಂದು ಸಂಕಲ್ಪವಲ್ಲವೆ? ಯಶೋಧರನಿಗಾದರೂ ತಾನು ಕತ್ತಿಯೆತ್ತಿದ್ದು ತಿಳಿದಿತ್ತು.

ಹಾಗೆಂದು ತಮ್ಮನ ಮಾತನ್ನು ನಾನು ಪೂರ್ತಿಯಾಗಿ ಒಪ್ಪಿದೆನೆಂದು ತಿಳಿಯಬೇಡಿ. ಎರಡು ದಿನದ ಮೇಲೆ ನನ್ನ ಬಲವಂತಕ್ಕೆ ಅವನು ನನ್ನನ್ನು ಷಿಕಾಗೋ ನಗರದ ಹಳೆಯ ದನದ ದೊಡ್ಡಿ ಇದ್ದ ಜಾಗಕ್ಕೆ ಕರೆದುಕೊಂಡು ಹೋದ. ಯೂನಿಯನ್ ಸ್ಟಾಕ್ ಯಾರ್ಡ್ಸ್ ಎಂದು ಅದರ ಹೆಸರು. 1865ರ ಕ್ರಿಸ್ಮಸ್ ದಿನ ತೆರೆದು 1971ರಲ್ಲಿ ಮುಚ್ಚಿತು. ಆ ದೇಶದ ಪಶ್ಚಿಮದ ಹುಲ್ಲುಗಾವಲುಗಳಿಂದ ರೈಲಿನಲ್ಲಿ ದನಗಳು ಅಲ್ಲಿಗೆ ಬರುತ್ತಿದ್ದವು. ಮಂಜುಗಡ್ಡೆ ಹಾಕಿದ ಗಾಡಿಗಳಲ್ಲಿ ಮಾಂಸ ಪೂರ್ವದ ಪಟ್ಟಣಗಳಿಗೆ ಹೋಗುತ್ತಿತ್ತು. ಆ ತಣ್ಣನೆಯ ರೈಲುಗಾಡಿ ಬರುವ ತನಕ ತಿನ್ನುವವನ ಊರಿನ ಹತ್ತಿರವೇ ಕೊಲೆಯೂ ಆಗಬೇಕಾಗಿತ್ತು. ಕೂಗು ಕೇಳದಿದ್ದರೂ ವಾಸನೆಯಾದರೂ ಬರುತ್ತಿತ್ತು. ಆಮೇಲೆ ತಟ್ಟೆಗೂ ಕತ್ತಿಗೂ ಸಾವಿರಾರು ಮೈಲಿಯ ಅಂತರ ಬಿತ್ತು. ತೂಗುಹಳಿಯ ಮೇಲೆ ಜಾರಿಬರುವ ದನದ ದೇಹದಿಂದ ಒಬ್ಬೊಬ್ಬ ಕೆಲಸಗಾರ ಒಂದೊಂದು ತುಂಡನ್ನು ಬಿಡಿಸುತ್ತಿದ್ದ ಆ ಕ್ರಮವನ್ನು ನೋಡಿಯೇ ಕಾರು ಜೋಡಿಸುವ ತನ್ನ ಸಾಲಿನ ಯೋಚನೆ ಬಂದಿತೆಂದು ಹೆನ್ರಿ ಫೋರ್ಡ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಈಗ ಅಲ್ಲಿ ಉಳಿದಿರುವುದು ಸುಣ್ಣಕಲ್ಲಿನ ಒಂದು ಹೆಬ್ಬಾಗಿಲು. ಅದರ ನಡುವಿನ ಕಮಾನಿನ ಮೇಲೆ ಒಂದು ಹೋರಿಯ ತಲೆಯನ್ನು ಕೆತ್ತಿದ್ದಾರೆ. ನಮ್ಮ ದೇವಸ್ಥಾನಗಳ ಬಸವನಂತೆಯೇ ಅದೂ ಶಾಂತವಾಗಿ ಕೆಳಗೆ ನೋಡುತ್ತದೆ.

ಅಪ್ಟನ್ ಸಿಂಕ್ಲೇರ್ 1906ರಲ್ಲಿ ಈ ಜಾಗವನ್ನು ಕುರಿತು ದಿ ಜಂಗಲ್ ಎಂಬ ಕಾದಂಬರಿ ಬರೆದ. ಪರದೇಶದಿಂದ ಬಂದು ಅಲ್ಲಿ ದುಡಿದು ನುಜ್ಜುಗುಜ್ಜಾದ ಒಂದು ಲಿಥುವೇನಿಯದ ಸಂಸಾರದ ಕಥೆ. ಓದಿದವರು ಬೆಚ್ಚಿದರು. ಬೆಚ್ಚಿದ್ದು ಕೆಲಸಗಾರನಿಗಾಗಿ ಅಲ್ಲ, ತಮ್ಮ ಹೊಟ್ಟೆಗೆ ಏನು ಸೇರುತ್ತಿದೆಯೋ ಎಂದು! ಅದೇ ವರ್ಷದ ಜೂನ್ ತಿಂಗಳಲ್ಲಿ ಮಾಂಸವನ್ನು ಪರೀಕ್ಷಿಸುವ ಕಾನೂನು ಬಂತು. ಕಾದಂಬರಿಕಾರ ಯಾರಿಗಾಗಿ ಬರೆದನೋ ಅವರ ಪಾಡು ಹೆಚ್ಚೇನೂ ಬದಲಾಗಲಿಲ್ಲ. ಆ ಹೋಟಲಿನ ಹುಡುಗನ ವಿವರಣೆಯೂ ಹಾಗೆಯೇ ಅಲ್ಲವೆ ಎಂದು ತಮ್ಮನನ್ನು ಕೇಳಿದೆ. ಏನು ತಿಂದಿತು, ಎಲ್ಲಿ ಬೆಳೆಯಿತು, ಎಷ್ಟು ದಿನ ಗಾಜಿನೊಳಗಿತ್ತು, ಎಲ್ಲ ಹೇಳಿದ. ಎಷ್ಟು ಕಾಲ ಬದುಕಿತ್ತೆಂದು ಹೇಳಲಿಲ್ಲ. ಅಂಥ ದನಗಳು ಒಂದೂವರೆ ಎರಡು ವರ್ಷ ಬದುಕಿದರೆ ಹೆಚ್ಚು. ಗೌರಿ ಹದಿನಾಲ್ಕು ವರ್ಷ ನಮ್ಮ ಮನೆಯಲ್ಲಿ ಹೆಸರಿಟ್ಟುಕೊಂಡು ಬದುಕಿತು. ಇವರು ಕೇಳಿ ತಿಳಿದುಕೊಳ್ಳುವುದು ನಾಲಗೆಗಾಗಿ; ಅದನ್ನು ಜ್ಞಾನವೆಂದು ಕರೆಯುವುದು ಹೇಗೆ? ತಮ್ಮ, "ಸರಿಯೇ," ಎಂದ. ಸ್ವಲ್ಪ ಹೊತ್ತಿನ ಮೇಲೆ, "ಆದರೂ ಅವನು ಹಲಗೆಯನ್ನು ಮೇಜಿಗೆ ತಂದು ತೋರಿಸಿದ," ಎಂದ. ಕಾರಿನಲ್ಲಿ ಹಿಂತಿರುಗುವಾಗ ನಾನು ಗೆದ್ದೆನೋ ಸೋತೆನೋ ನನಗೇ ತಿಳಿಯಲಿಲ್ಲ. ಹೆಸರಿಟ್ಟು ಹದಿನಾಲ್ಕು ವರ್ಷ ಸಾಕಿದವರು ಮಾರಿದರೆ ಅದು ಹೆಚ್ಚಿನದೋ, ಹೆಸರೇ ಇಡದವರು ಕೊಂದರೆ ಹೆಚ್ಚಿನದೋ? ತೂಗುವ ತಕ್ಕಡಿ ನನ್ನಲ್ಲಿಲ್ಲ.

ಈ ಮಾತು ಮುದಿ ಹಸುವಿಗೆ ಮುಗಿಯುವುದೂ ಇಲ್ಲ. ಹಾಲು ಉತ್ಪಾದನೆಯಲ್ಲಿ ಈಗ ಜಗತ್ತಿಗೆಲ್ಲ ನಾವೇ ಮೊದಲಿಗರು. ಬೆಳಗಾದರೆ ಪೊಟ್ಟಣ ಕತ್ತರಿಸಿ ಕಾಫಿಗೆ ಸುರಿಯುತ್ತೇವೆ. ಹಸು ಕರು ಹಾಕದೆ ಹಾಲು ಕೊಡುವುದಿಲ್ಲವೆಂಬುದು ಪಟ್ಟಣದ ಮಕ್ಕಳಿಗೆ ಮರೆತಿದ್ದೀತು, ನಮಗೆ ಮರೆಯಬಾರದು. ಹುಟ್ಟುವ ಕರುಗಳಲ್ಲಿ ಅರ್ಧ ಗಂಡು. ಉಳುವುದಕ್ಕೆ ಟ್ರಾಕ್ಟರ್ ಬಂದ ಮೇಲೆ ಆ ಗಂಡು ಕರುಗಳೆಲ್ಲ ಎಲ್ಲಿ ಹೋಗುತ್ತವೆ? ನಮ್ಮ ಬೀದಿಯ ಹಾಲಿನ ಬೂತಿನ ಮುಂದೆ ಹಲವು ವರ್ಷ ಸರದಿಯಲ್ಲಿ ನಿಂತಿದ್ದೇನೆ. ಸರದಿಯಲ್ಲಿ ಪ್ರಪಂಚದ ಎಲ್ಲ ವಿಷಯವೂ ಚರ್ಚೆಯಾಗಿದೆ, ಇದೊಂದು ಆದದ್ದಿಲ್ಲ. ಎಲ್ಲಿ ಹೋಗುತ್ತವೆಂದು ಕೇಳಿದವನಿಗೆ ಮರುದಿನದ ಕಾಫಿ ರುಚಿಸೀತೆ? ನಾನು ಕಾಫಿ ಬಿಟ್ಟಿದ್ದೇನೆಂದು ಓದುಗರು ಊಹಿಸಬಾರದು. ಬಿಟ್ಟಿಲ್ಲ.

ಹೋಟಲಿನಿಂದ ಬಂದ ಮರುದಿನದ ಸಂಗತಿಯೊಂದನ್ನು ಹೇಳುವುದು ಉಳಿದಿದೆ. ತಮ್ಮ ತನ್ನ ಹೋಳಿನಲ್ಲಿ ಅರ್ಧವನ್ನು ತಿನ್ನಲಾರದೆ ಡಬ್ಬಿಯಲ್ಲಿ ಕಟ್ಟಿಸಿಕೊಂಡು ಬಂದಿದ್ದ. ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದು ಕಾಫಿಗೆಂದು ತಂಪುಪೆಟ್ಟಿಗೆ ತೆರೆದೆ. ಒಂದೇ ಹಲಗೆಯ ಮೇಲೆ ಆ ಡಬ್ಬಿ, ಪಕ್ಕದಲ್ಲಿ ಹಾಲಿನ ಕ್ಯಾನು. ಬಾಗಿಲು ಹಿಡಿದುಕೊಂಡು ಹಾಗೆಯೇ ನಿಂತಿದ್ದೆನೆಂದು ತೋರುತ್ತದೆ. ತೆರೆದಿಟ್ಟರೆ ಕೂಗುವ ಆ ಪೆಟ್ಟಿಗೆ ಕೂಗತೊಡಗಿ, ಸದ್ದಿಗೆ ತಮ್ಮ ಎದ್ದುಬಂದ.

"ಸಂತೆಯ ದಿನ ನನಗೆ ಗೊತ್ತಿತ್ತು ಕಣೋ," ಎಂದೆ.

"ನನಗೂ ಗೊತ್ತಿತ್ತು," ಎಂದ ಅವನು. "ಅಪ್ಪ ಉತ್ತರ ಹೇಳುವಾಗ ನನ್ನ ಕಡೆ ನೋಡಲಿಲ್ಲ."

ಆಮೇಲೆ ಅವನು ನನ್ನ ಕೈಯಿಂದ ಹಾಲು ತೆಗೆದುಕೊಂಡು ಒಲೆಯ ಮೇಲಿಟ್ಟ. ನನಗೆ ಸಕ್ಕರೆ ಒಂದು ಚಮಚವೋ ಎರಡೋ ಎಂದು ಕೇಳಿದ.